ಚಾವಣಿ ಕುಡಿದ ಹಾಡು: ಒಂದು ಎಪಿಸ್ಕೋಪಲ್ ಕೆಥೆಡ್ರಲಿನ ಪ್ರಕರಣ

ಅಮೆರಿಕದ ನಡುಭಾಗದ ಒಂದು ಊರಿನ ಕೆಥೆಡ್ರಲ್ ಇದು. ಊರಿನ ಹೆಸರು ಬೇಡ, ಅಲ್ಲಿನವರ ಹೆಸರೂ ಬೇಡ. ಗುರುತು ಹತ್ತುವಂಥ ಒಂದೆರಡು ವಿವರ ಬಿಟ್ಟಿದ್ದೇನೆ, ಉಳಿದದ್ದು ನಡೆದ ಹಾಗೇ ಇದೆ. ಸದ್ದು ಅಳೆಯುವುದು ನನ್ನ ಕೆಲಸ. ಎಲ್ಲಿ ಮಾತು ಕೇಳಿಸುವುದಿಲ್ಲವೋ, ಎಲ್ಲಿ ಸಂಗೀತ ಸಪ್ಪೆಯಾಗುತ್ತದೋ ಅಲ್ಲಿಗೆ ಹೋಗಿ, ಯಾಕೆ ಹೀಗೆ ಅಂತ ಹೇಳಿ ಸಂಬಳ ತಗೊಳ್ಳುವವನು.

ಆದರೆ ಅವರು ಫೋನ್ ಮಾಡಿದ್ದು ಇದಕ್ಕಲ್ಲ. "ಹೊಸ ಪೈಪ್ ಆರ್ಗನ್ ಕೊಳ್ಳಬೇಕು ಅಂತಿದ್ದೇವೆ. ದಾನಿ ಸಿಕ್ಕಿದ್ದಾರೆ. ಎಲ್ಲಿಟ್ಟರೆ ಚೆನ್ನ, ಬಂದು ನೋಡಿ" ಅಂದರು. ಅಷ್ಟೇ. ಪೈಪ್ ಆರ್ಗನ್ ಅಂದರೆ ಸಾಲು ಸಾಲು ಪೈಪುಗಳಿಗೆ ಗಾಳಿ ಊದಿಸಿ ನುಡಿಸುವ ದೊಡ್ಡ ವಾದ್ಯ.

ಮೊದಲು ಜಾಗದ ಪರಿಚಯ. ಎಪಿಸ್ಕೋಪಲ್ ಚರ್ಚ್ ಅಂದರೆ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಅಮೆರಿಕದ ಕವಲು. ದೇಶ ಸ್ವತಂತ್ರವಾದ ಮೇಲೆ ಇಂಗ್ಲೆಂಡಿನ ರಾಜನೇ ಯಜಮಾನನಾಗಿರುವ ಚರ್ಚಿನಲ್ಲಿ ಉಳಿಯುವುದು ಆಗದ ಮಾತಾಯಿತು. 1789ರಲ್ಲಿ ಬೇರೆ ಮನೆ ಮಾಡಿಕೊಂಡರು. ಬಿಷಪ್, ಪ್ರಾರ್ಥನೆಯ ಪುಸ್ತಕ, ಕ್ವಾಯರ್ ಎಂಬ ಹಾಡುವ ತಂಡ, ಹಾಡಿನಲ್ಲೇ ನಡೆಯುವ ಸಂಜೆಯ ಆರಾಧನೆ ಎಲ್ಲ ಜೊತೆಗೇ ಬಂದವು. ಬಿಷಪ್ಪರ ಪೀಠ ಯಾವ ಚರ್ಚಿನಲ್ಲಿದೆಯೋ ಅದು ಕೆಥೆಡ್ರಲ್. ಅದನ್ನು ದಿನನಿತ್ಯ ನಡೆಸುವ ಪಾದ್ರಿಗೆ ಡೀನ್ ಅನ್ನುತ್ತಾರೆ. ಇಲ್ಲಿ ಡೀನ್ ಒಬ್ಬ ಹೆಂಗಸು.

ನಮ್ಮ ಕಡೆಗೂ ನೆಂಟಸ್ತಿಕೆ ಇದೆ. 1947ರಲ್ಲಿ ದಕ್ಷಿಣ ಭಾರತದ ಆಂಗ್ಲಿಕನ್ನರು ಮೆಥಡಿಸ್ಟ್ ಮುಂತಾದವರ ಜೊತೆ ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ ಅಂದರೆ ಸಿಎಸ್‌ಐ ಆಯಿತು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಅದರದ್ದೇ. ಸಿಎಸ್‌ಐ ಮತ್ತು ಎಪಿಸ್ಕೋಪಲ್ ಎರಡೂ ಒಂದೇ ಆಂಗ್ಲಿಕನ್ ಕೂಟದವು. ಹಾಗಾಗಿ ಅಮೆರಿಕಕ್ಕೆ ಹೋದ ಸಿಎಸ್‌ಐ ಮನೆಯವರು ಭಾನುವಾರ ಎಪಿಸ್ಕೋಪಲ್ ಚರ್ಚಿಗೆ ಹೋದರೆ ಪರಕೀಯ ಅನ್ನಿಸುವುದಿಲ್ಲ. ಇಲ್ಲೂ ಒಬ್ಬರಿದ್ದರು. ಮಂಗಳೂರು ಕಡೆಯ ಆಂಟಿ, ನರ್ಸ್ ಕೆಲಸ ಮಾಡಿ ನಿವೃತ್ತರಾದವರು. ಐದನೇ ಬೆಂಚು ಅವರದ್ದು. ನಾನು ಅಳೆಯುವ ಪೆಟ್ಟಿಗೆ ಹೊತ್ತುಕೊಂಡು ಒಳಗೆ ಬಂದಾಗ ಹೆಸರು ಕೇಳಿ, ಊರು ಕೇಳಿ, "ಬಿಜಾಪುರವಾ? ಅಷ್ಟು ದೂರದಿಂದಲಾ!" ಅಂದರು. ಇಬ್ಬರೂ ನಿಂತಿದ್ದದ್ದು ಅಮೆರಿಕದಲ್ಲಿ.

ಕಟ್ಟಡ 1920ರ ದಶಕದ್ದು. ಆ ಕಾಲಕ್ಕೆ ಅಮೆರಿಕದ ಎಪಿಸ್ಕೋಪಲ್ ಮಂದಿಗೆ ಗಾಥಿಕ್ ಹುಚ್ಚು, ಅಂದರೆ ಯುರೋಪಿನ ಹಳೆ ಚೂಪು ಕಮಾನಿನ ಶೈಲಿಯ ಹುಚ್ಚು, ಹಿಡಿದಿತ್ತು. ರಾಲ್ಫ್ ಆಡಮ್ಸ್ ಕ್ರ್ಯಾಮ್ ಎಂಬ ವಾಸ್ತುಶಿಲ್ಪಿ ಈ ಹುಚ್ಚಿನ ದೊಡ್ಡ ಗುರು. ನ್ಯೂಯಾರ್ಕಿನ ಸೇಂಟ್ ಜಾನ್ ದ ಡಿವೈನ್ ಕೆಥೆಡ್ರಲನ್ನು 1892ರಲ್ಲಿ ಬೇರೆಯವರು ಬೇರೆ ಶೈಲಿಯಲ್ಲಿ ಶುರುಮಾಡಿದ್ದರು. ಆಮೇಲೆ ಕ್ರ್ಯಾಮ್ ಬಂದು ನಕ್ಷೆಯನ್ನೇ ಗಾಥಿಕ್‌ಗೆ ತಿರುಗಿಸಿದ. 601 ಅಡಿ ಉದ್ದದ ಆ ಕಟ್ಟಡ ಇವತ್ತಿಗೂ ಪೂರ್ತಿ ಮುಗಿದಿಲ್ಲ. ನಮ್ಮ ಕೆಥೆಡ್ರಲ್ ಅದರ ಮುಂದೆ ಮರಿ. ಆದರೂ ಚೂಪು ಕಮಾನು, ಸುಣ್ಣಕಲ್ಲಿನ ಕಂಬ, ಬಣ್ಣದ ಗಾಜು, ಓಕ್ ಮರದ ಬೆಂಚು, ಕತ್ತೆತ್ತಿ ನೋಡಬೇಕಾದ ಚಾವಣಿ ಎಲ್ಲ ಇದೆ. ನೋಡಿದರೆ ಇಂಗ್ಲೆಂಡಿನ ಹಳೆ ಕೆಥೆಡ್ರಲಿನ ಹಾಗೇ ಗುಂಯ್ ಅನ್ನಬೇಕು ಅನ್ನಿಸುತ್ತದೆ.

ಗುಂಯ್ ಅನ್ನುತ್ತಿರಲಿಲ್ಲ. ಅದೇ ತೊಂದರೆ.

ಆರ್ಗನಿಸ್ಟ್ ಮೊದಲ ದಿನವೇ ಒಂದು ತೋರಿಸಿದರು. ಹತ್ತೂ ಬೆರಳು, ಎರಡೂ ಕಾಲು ಇಟ್ಟು ಒಂದು ದೊಡ್ಡ ಸ್ವರಮೇಳ ನುಡಿಸಿ ಥಟ್ಟನೆ ಎತ್ತಿದರು. ದನಿ ಬಾಗಿಲು ಹಾಕಿದ ಹಾಗೆ ನಿಂತುಹೋಯಿತು. "ಕೇಳಿದಿರಾ?" ಅಂದರು. "ನಾನು ನುಡಿಸುವುದು ಇಷ್ಟೇ. ಉಳಿದದ್ದನ್ನು ಕಟ್ಟಡ ನುಡಿಸಬೇಕು. ಇದು ನುಡಿಸುವುದಿಲ್ಲ."

ಇದು ಆರ್ಗನಿಸ್ಟರ ದೂರು ಮಾತ್ರವಲ್ಲ. ಆಂಗ್ಲಿಕನ್ ಸಂಗೀತ ಕಟ್ಟಡವನ್ನು ನಂಬಿಕೊಂಡೇ ಬೆಳೆದದ್ದು. ಹರ್ಬರ್ಟ್ ಹೊವೆಲ್ಸ್ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲಿಗೆ ಬರೆದ ಸಂಜೆಯ ಆರಾಧನೆಯ ಸಂಗೀತ ಹಾಡಿಸಿ ನೋಡಿ. ಸ್ವರಮೇಳ ನಿಧಾನಕ್ಕೆ ಬದಲಾಗುತ್ತದೆ. ಆ ಗುಮ್ಮಟದಡಿ ಒಂದರ ಮೇಲೊಂದು ಬಿದ್ದು ಕಲಸಿಹೋಗಬಾರದು ಅಂತ ಲೆಕ್ಕ ಹಾಕಿಯೇ ಬರೆದದ್ದು. ಅದನ್ನೇ ಕಂಬಳಿ ಹೊದ್ದ ಕೋಣೆಯಲ್ಲಿ ಹಾಡಿದರೆ ನಡುವೆ ಬರೀ ಖಾಲಿ ಜಾಗ. ಕ್ವಾಯರಿನವರು ಆ ಖಾಲಿ ಜಾಗಕ್ಕೆ ಹೆದರಿ ಬೇಗ ಬೇಗ ಹಾಡಿ ಮುಗಿಸುತ್ತಿದ್ದರು.

ಇದಕ್ಕೆ ಹಿಂದಿನವರು ಮಾಡಿದ ಮದ್ದು ನೋಡಿದರೆ ನಗು ಬರುತ್ತದೆ. 1960ರ ದಶಕದಲ್ಲಿ ಯಾರೋ ಆರ್ಗನ್ನಿಗೆ ಜೋರು ದನಿಯ ತುತ್ತೂರಿ ಪೈಪುಗಳ ಸಾಲು ಸೇರಿಸಿದರು. ದನಿ ಹಿಂದಿನ ಬೆಂಚಿಗೆ ಮುಟ್ಟಲಿ ಅಂತ. ಹಿಂದಿನವರಿಗೆ ಮುಟ್ಟಿತೋ ಇಲ್ಲವೋ, ಮುಂದಿನವರು ಕಿವಿ ಮುಚ್ಚಿಕೊಂಡರು. ಆಮೇಲೆ ಯಾರೋ ಯಂತ್ರದಿಂದ ಗುಂಯ್ ಹುಟ್ಟಿಸುವ ಸ್ಪೀಕರ್ ಹಾಕೋಣ ಅಂದರು, ಕ್ವಾಯರ್ ಒಪ್ಪಲಿಲ್ಲ. ಕೊನೆಗೆ ಎಲ್ಲರೂ ಬಂದು ನಿಂತದ್ದು ಹೊಸ ಆರ್ಗನ್ ಎಂಬಲ್ಲಿಗೆ. ಹಳೆಯದು ಸರಿಯಿಲ್ಲ, ಹೊಸದು ಬಂದರೆ ಸರಿಹೋಗುತ್ತದೆ ಅಂತ.

ಜನವರಿಯ ಒಂದು ರಾತ್ರಿ ಅಳೆದೆವು. ರಾತ್ರಿಯೇ ಯಾಕೆ ಅಂದರೆ ಹೀಟರಿನ ಫ್ಯಾನ್ ನಿಲ್ಲಿಸಬೇಕಿತ್ತು, ರಸ್ತೆಯ ಸದ್ದೂ ಕಮ್ಮಿಯಿರಬೇಕಿತ್ತು. ಅರ್ಧ ಗಂಟೆಯಲ್ಲಿ ಉಸಿರು ಹೊಗೆಯಾಗಿ ಕಾಣುವಷ್ಟು ಚಳಿ. ಹನ್ನೆರಡು ಮುಖದ ಸ್ಪೀಕರಿನಿಂದ ಸದ್ದು ಬಿಟ್ಟು, ಹತ್ತಾರು ಕಡೆ ಮೈಕು ಇಟ್ಟು ನೋಡಿದೆವು. ಜೊತೆಗೆ ಬಲೂನೂ ಒಡೆದೆವು. ಹಳೆ ಉಪಾಯ, ಆದರೆ ಕಿವಿಗೇ ತಿಳಿಯುತ್ತದೆ. ಸದ್ದು 60 ಡೆಸಿಬೆಲ್ ಇಳಿಯಲು ಎಷ್ಟು ಹೊತ್ತು ಬೇಕೋ ಅದಕ್ಕೆ ಅನುರಣನದ ಹೊತ್ತು ಅನ್ನುತ್ತೇವೆ. ನಡುಶ್ರುತಿಯಲ್ಲಿ ಎರಡು ಸೆಕೆಂಡು ಚಿಲ್ಲರೆ ಬಂತು. ಒಂದು ಸಂಗೀತ ಕಚೇರಿಯ ಹಾಲಿನಷ್ಟು, ಅಷ್ಟೇ. ಇಷ್ಟು ಎತ್ತರದ ಕಲ್ಲಿನ ಕಟ್ಟಡದಲ್ಲಿ ಇದು ನಂಬುವ ಲೆಕ್ಕವಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಗ್ರೇಸ್ ಕೆಥೆಡ್ರಲ್ ಏಳು ಸೆಕೆಂಡಿಗೆ ಹೆಸರಾದದ್ದು. ನಾನು ಚಿಕ್ಕವನಿದ್ದಾಗ ಗೋಳಗುಮ್ಮಟದಲ್ಲಿ ಚಪ್ಪಾಳೆ ಹೊಡೆದು ಹೊಡೆದು ಬೈಸಿಕೊಂಡವನು. ಕಲ್ಲು ಸದ್ದನ್ನು ಹೀಗೆ ಸುಮ್ನೆ ಬಿಟ್ಟುಕೊಡುವುದಿಲ್ಲ ಅಂತ ನನಗೆ ಗೊತ್ತು.

ಹಾಗಾದರೆ ದನಿಯನ್ನು ಯಾರು ಕುಡಿಯುತ್ತಿದ್ದಾರೆ? ಮೊದಲ ಅನುಮಾನ ನಡುದಾರಿಯ ಕೆಂಪು ಕಾರ್ಪೆಟ್ ಮೇಲೆ. ಇಲ್ಲಿ ನಾವೇ ತಪ್ಪು ಮಾಡಿದೆವು. ಲೆಕ್ಕ ಮುಗಿಯುವ ಮೊದಲೇ "ಕಾರ್ಪೆಟ್ ತೆಗೆದು ನೋಡಬಹುದು, ಖರ್ಚಿಲ್ಲದ ಕೆಲಸ" ಅಂತ ನಾನು ಬಾಯಿ ಬಿಟ್ಟೆ. ಕ್ವಾಯರಿನವರು ಕಾಯುತ್ತಲೇ ಇದ್ದರು. ಮುಂದಿನ ವಾರವೇ ಸುತ್ತಿ ನೆಲಮಾಳಿಗೆಗೆ ಹಾಕಿದರು. ಹಾಡು ಕೂದಲೆಳೆಯಷ್ಟು ಸುಧಾರಿಸಿತು. ಹಿಮ್ಮಡಿಯ ಟಕಟಕ ಮಾತ್ರ ಇಡೀ ಚರ್ಚಿಗೆ ಕೇಳಿಸತೊಡಗಿತು. ಮೊದಲೇ ಮಸುಕಾಗಿದ್ದ ಪ್ರಸಂಗ, ಅಂದರೆ ಡೀನ್ ಮಾಡುವ ಉಪದೇಶ, ಇನ್ನೂ ಮಸುಕಾಯಿತು. ಡೀನ್ ಮೇಜಿನ ಮೇಲೆ ದೂರಿನ ಕಾಗದ ಬಂದು ಬಿದ್ದವು. "ಸಂಗೀತದವರು ನಮ್ಮ ಕಿವಿ ಕಿತ್ತುಕೊಂಡರು" ಅಂತ ಒಬ್ಬರು ಬರೆದಿದ್ದರಂತೆ. ಸಭೆ ಎರಡು ಪಾಳೆಯವಾಯಿತು. ಹಾಡು ಬೇಕು ಅನ್ನುವವರು, ಮಾತು ಬೇಕು ಅನ್ನುವವರು.

ಆ ಭಾನುವಾರ ಆಂಟಿ ನನ್ನನ್ನು ಹಿಡಿದು ನಿಲ್ಲಿಸಿದರು. "ಎಂತ ಮಾರಾಯಾ ನೀನು ಮಾಡಿದ್ದು? ಡೀನಮ್ಮ ಎಂತ ಹೇಳ್ತಾರೆ ಅಂತ ನನಗೆ ಮೊದಲೇ ಕೇಳ್ತಿರಲಿಲ್ಲ. ತುಟಿ ನೋಡಿ ಅಂದಾಜು ಮಾಡ್ತಿದ್ದೆ. ಈಗ ಆ ಚಪ್ಪಲಿಯ ಶಬ್ದದಲ್ಲಿ ಅದೂ ಹೋಯ್ತು." ನಾನು ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ. ಒಂದು ವಿಷಯ ಮಾತ್ರ ಕಿವಿಯಲ್ಲಿ ಉಳಿಯಿತು. ಮೊದಲೇ ಕೇಳುತ್ತಿರಲಿಲ್ಲ. ಅಂದರೆ ದನಿ ಹೀರುವ ಈ ಕಟ್ಟಡದಲ್ಲಿ ಹಾಡಿಗೂ ಸುಖವಿರಲಿಲ್ಲ, ಮಾತಿಗೂ ಇರಲಿಲ್ಲ.

ಉತ್ತರ ಸಿಕ್ಕಿದ್ದು ಬಾಯ್ಲರ್ ಕೋಣೆಯಲ್ಲಿ. ಕಟ್ಟಡ ನೋಡಿಕೊಳ್ಳುವಾತ ಒಂದು ಮೂಲೆ ತೋರಿಸಿ, "ಚಾವಣಿಯ ಹೆಚ್ಚುವರಿ ಹೆಂಚು, ಕಟ್ಟಿದ ಕಾಲದಿಂದ ಇಲ್ಲೇ ಇದೆ" ಅಂದ. ಒಂದನ್ನು ಎತ್ತಿಕೊಂಡೆ. ಕಲ್ಲಿನ ಬಣ್ಣ, ಆದರೆ ತೂಕವೇ ಇಲ್ಲ. ಹತ್ತಿರದಿಂದ ನೋಡಿದರೆ ಒಣಗಿದ ರವೆಉಂಡೆಯ ಹಾಗೆ ಕಾಳು ಕಾಳು, ನಡುವೆ ಸಣ್ಣ ಸಣ್ಣ ತೂತು. ಬಾಟಲಿಯಿಂದ ನೀರು ಹನಿಸಿದೆ. ಹನಿ ನಿಲ್ಲಲಿಲ್ಲ, ಬಿದ್ದಲ್ಲೇ ಮಾಯ.

ಇದರ ಕಥೆ ಸ್ವಲ್ಪ ಹೇಳಲೇಬೇಕು. 1881ರಲ್ಲಿ ಸ್ಪೇನಿನಿಂದ ರಾಫೇಲ್ ಗುಸ್ತಾವಿನೋ ಎಂಬ ಮೇಸ್ತ್ರಿ ಮಗನನ್ನು ಕರೆದುಕೊಂಡು ನ್ಯೂಯಾರ್ಕಿಗೆ ಬಂದ. ತೆಳು ಹೆಂಚುಗಳನ್ನು ಪದರ ಪದರವಾಗಿ ಗಾರೆಯಲ್ಲಿ ಅಂಟಿಸಿ ಕಮಾನು ಕಟ್ಟುವ ವಿದ್ಯೆ ಅವನದ್ದು. ಹಗುರ, ಗಟ್ಟಿ, ಬೆಂಕಿಗೆ ಜಗ್ಗದು. ಸೇಂಟ್ ಜಾನ್ ದ ಡಿವೈನ್‌ನ ನಡುಗುಮ್ಮಟ 1909ರಲ್ಲಿ ಇದೇ ಕಂಪನಿ ಕಟ್ಟಿದ್ದು. ಇನ್ನೊಂದು ಕಡೆ ಹಾರ್ವರ್ಡಿನವರು 1895ರಲ್ಲಿ ಫಾಗ್ ಮ್ಯೂಸಿಯಮ್ಮಿನ ಪಾಠದ ಕೋಣೆ ಕಟ್ಟಿ ಕೈ ಸುಟ್ಟುಕೊಂಡಿದ್ದರು. ಮೇಷ್ಟ್ರ ಮಾತು ಐದೂವರೆ ಸೆಕೆಂಡು ಗಾಳಿಯಲ್ಲೇ ತೇಲಿ ಎಲ್ಲ ಕಲಸುಮೇಲೋಗರ. ಸರಿಮಾಡು ಅಂತ ವ್ಯಾಲೇಸ್ ಸೇಬಿನ್ ಎಂಬ ಎಳೆಯ ಭೌತವಿಜ್ಞಾನದ ಮೇಷ್ಟ್ರಿಗೆ ಹೇಳಿದರು. ಅವನು ರಾತ್ರಿ ಹೊತ್ತು ಸ್ಯಾಂಡರ್ಸ್ ಥಿಯೇಟರಿನ ಸೀಟಿನ ದಿಂಬುಗಳನ್ನು ತರಿಸಿ, ಆರ್ಗನ್ ಪೈಪೊಂದನ್ನು ಊದಿಸಿ, ಸ್ಟಾಪ್‌ವಾಚ್ ಹಿಡಿದು ಕೂತ. ದಿಂಬು ಹೆಚ್ಚಿದಷ್ಟೂ ದನಿ ಬೇಗ ಸತ್ತಿತು. ಕೋಣೆ ದೊಡ್ಡದಾದಷ್ಟೂ ದನಿ ಉಳಿಯುತ್ತದೆ, ಹೀರುವ ವಸ್ತು ಹೆಚ್ಚಿದಷ್ಟೂ ಅಳಿಯುತ್ತದೆ ಅನ್ನುವ ಲೆಕ್ಕ ಅಲ್ಲಿಂದ ಬಂತು. ಇವತ್ತಿಗೂ ನಾನು ದಿನಾ ಬಳಸುವುದು ಅದನ್ನೇ.

ಸೇಬಿನ್ ಮತ್ತು ಕಿರಿಯ ಗುಸ್ತಾವಿನೋ ಜೊತೆಯಾದರು. ಆಗ ಮೈಕು ಇಲ್ಲ. ಪ್ರಸಂಗ ಕೊನೆಯ ಬೆಂಚಿನವರೆಗೆ ಕೇಳಬೇಕು, ಕಟ್ಟಡ ಮಾತ್ರ ಗಾಥಿಕ್ಕೇ ಬೇಕು. ಹಾಗಾಗಿ ಕಲ್ಲಿನಂತೆ ಕಾಣುವ, ದಿಂಬಿನಂತೆ ಹೀರುವ ಹೆಂಚು ಮಾಡಿದರು. ಮೊದಲನೆಯದು ರಮ್‌ಫರ್ಡ್ ಹೆಂಚು. ಜೇಡಿಯಲ್ಲಿ ಪೀಟ್ ಎಂಬ ಕೊಳೆತ ಸಸ್ಯದ ಮಣ್ಣು ಬೆರೆಸಿ ಸುಡುವುದು. ಪೀಟ್ ಉರಿದುಹೋಗಿ ತೂತು ಉಳಿಯುತ್ತದೆ. ನ್ಯೂಯಾರ್ಕಿನ ಸೇಂಟ್ ಥಾಮಸ್ ಎಪಿಸ್ಕೋಪಲ್ ಚರ್ಚಿನಲ್ಲಿ 1913ರ ಹೊತ್ತಿಗೆ ಹಾಕಿದರು. ಆಮೇಲಿನದು ಅಕೌಸ್ಟೋಲಿತ್. ಪ್ಯೂಮಿಸ್ ಕಲ್ಲಿನ ಕಾಳನ್ನು ಸಿಮೆಂಟಿನಲ್ಲಿ ಅಂಟಿಸಿ ಮಾಡಿದ್ದು. ನನ್ನ ಕೈಯಲ್ಲಿದ್ದದ್ದು ಅದು.

ಮರುದಿನ ಆ ಹೆಂಚನ್ನು ಸಮಿತಿಯ ಮೇಜಿನ ಮೇಲಿಟ್ಟೆ. ಗ್ರಾಫ್ ಗೀಫ್ ಎಲ್ಲ ಮುಚ್ಚಿಟ್ಟು, "ಇದಕ್ಕೆ ಬಾಯಿಟ್ಟು ಊದಿ" ಅಂತ ಡೀನ್‌ಗೆ ಹೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಹೆಂಚಿಗೆ ತುಟಿ ಒತ್ತಿ ಊದಿದರು. ಇನ್ನೊಂದು ಬದಿಗೆ ಆರ್ಗನಿಸ್ಟ್ ಅಂಗೈ ಹಿಡಿದಿದ್ದರು. "ಗಾಳಿ ಬರ್ತಿದೆ" ಅಂದರು. ದಾನಿಯ ಮುಖ ಆಗಲೇ ಸ್ವಲ್ಪ ಬಿದ್ದಿತ್ತು. ಹೊಸ ಆರ್ಗನ್ ತಂದರೂ ಅದರ ಗಾಳಿ ಹೋಗುವುದು ಇದೇ ತೂತಿಗೆ ಅಂತ ಅವರಿಗೂ ಹೊಳೆದಿರಬೇಕು.

ಹೆಂಚಿನ ಬಾಯಿ ಮುಚ್ಚಬಹುದು. ಪಾರದರ್ಶಕ ಲೇಪ ಹಚ್ಚಿದರೆ ತೂತು ಕಟ್ಟಿಕೊಂಡು ದನಿ ಹಿಂದಕ್ಕೆ ಬರುತ್ತದೆ. ಸೇಂಟ್ ಥಾಮಸ್‌ನಲ್ಲೇ ಹೆಂಚಿಗೆ ಲೇಪ ಹಾಕಿದರು. ಡ್ಯೂಕ್ ವಿಶ್ವವಿದ್ಯಾಲಯದ ಚಾಪೆಲ್ ಎಪಿಸ್ಕೋಪಲ್ ಅಲ್ಲ, ಆದರೆ ಹೆಂಚು ಇದೇ ಜಾತಿಯದು. ಅಲ್ಲೂ 1970ರ ದಶಕದಲ್ಲಿ ಹೊಸ ಫ್ಲೆಂಟ್ರಾಪ್ ಆರ್ಗನ್ ಕೂರಿಸುವ ಹೊತ್ತಿಗೆ ಇದೇ ಕೆಲಸ ಮಾಡಿದರು. ಹಾಗಾಗಿ ನಾವು ಕಂಡುಹಿಡಿದದ್ದು ಏನೂ ಇಲ್ಲ.

ಆದರೆ ಸಮಿತಿಯಲ್ಲಿ ಹಳೆ ಕಟ್ಟಡಗಳ ವಾಸ್ತುಶಿಲ್ಪಿಯೊಬ್ಬರು ಇದ್ದರು. ಅವರು ಕೈ ಅಡ್ಡ ಹಿಡಿದರು. "ಈ ಹೆಂಚೇ ಒಂದು ಇತಿಹಾಸ. ಸದ್ದಿಗೆಂದೇ ಲೆಕ್ಕ ಹಾಕಿ ಮಾಡಿದ ಮೊದಲ ಕಟ್ಟಡ ಸಾಮಾನುಗಳಲ್ಲಿ ಒಂದು. ಒಮ್ಮೆ ಲೇಪ ಒಳಗೆ ಇಳಿದರೆ ವಾಪಸ್ ತೆಗೆಯೋಕಾಗಲ್ಲ." ನನಗೆ ಆಗ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅವರು ಹೇಳಿದ್ದು ಸರಿಯೇ. ಗುಂಯ್ ಅನ್ನದ ಗಾಥಿಕ್ ಎಂಬುದು ಯಾರೋ ಬೇಕೆಂದೇ ಕಟ್ಟಿಸಿದ್ದು. ಅದನ್ನು ದೋಷ ಅನ್ನುವುದು ನಮ್ಮ ಕಾಲದ ಕಿವಿ.

ಈ ಇಡೀ ಪ್ರಕರಣದ ತಿರುವು ನನ್ನ ಪ್ರಕಾರ ಹೆಂಚಲ್ಲ, ಡೀನ್ ಹಾಕಿದ ಸರದಿ. ಎಲ್ಲರೂ ಚಾವಣಿಯ ಬಗ್ಗೆ ಜಗಳಾಡುತ್ತಿರುವಾಗ ಅವರು ಹೇಳಿದರು: "ಮೊದಲು ಮಾತು. ಅದು ಸರಿಹೋಗುವ ತನಕ ಚಾವಣಿ ಮುಟ್ಟುವ ಹಾಗಿಲ್ಲ. ಆಮೇಲೆ ಚಾವಣಿ. ಅದಾಗಿ ಒಂದು ವರ್ಷ ಕೇಳಿದ ಮೇಲೆ ಆರ್ಗನ್." ಲೆಕ್ಕದ ಪ್ರಕಾರ ನಾನು ತಿರುವುಮುರುವು ಹೇಳುತ್ತಿದ್ದೆ. ಗುಂಯ್ ಎಷ್ಟಾಗುತ್ತದೆ ಅಂತ ಗೊತ್ತಾದ ಮೇಲೆ ಸ್ಪೀಕರ್ ಆರಿಸುವುದು ಸಲೀಸು. ಆದರೆ ಅವರು ಜನರ ಲೆಕ್ಕ ಹಾಕಿದ್ದರು.

ಹಳೆ ಸ್ಪೀಕರುಗಳು ಕಂಬದ ನೆತ್ತಿಯಲ್ಲಿದ್ದವು. ಅರ್ಧ ಸದ್ದು ಚಾವಣಿಗೇ ಹೋಗುತ್ತಿತ್ತು. ಅವನ್ನು ಇಳಿಸಿ, ಕಂಬಕ್ಕೆ ಒತ್ತಿ ನಿಲ್ಲುವ ಸಪೂರ ಉದ್ದ ಸ್ಪೀಕರ್ ಹಾಕಿದೆವು. ಅವು ಸದ್ದನ್ನು ಮೇಲೆ ಕೆಳಗೆ ಚೆಲ್ಲದೆ ಪಟ್ಟಿಯ ಹಾಗೆ ಜನರ ಕಿವಿಯ ಮಟ್ಟಕ್ಕೆ ಕಳಿಸುತ್ತವೆ. ನೆಲದಲ್ಲಿ ತಂತಿ ಎಳೆದು ಹಿಯರಿಂಗ್ ಲೂಪ್ ಮಾಡಿದೆವು. ಕಿವಿಯ ಮಿಷನ್ನಿನಲ್ಲಿ ಒಂದು ಗುಂಡಿ ಒತ್ತಿದರೆ ಮೈಕಿನ ಮಾತು ಗಾಳಿಯನ್ನು ದಾಟದೆ ನೇರ ಕಿವಿಗೇ ಬರುತ್ತದೆ. ಮೊದಲ ಭಾನುವಾರ ಆಂಟಿ ಗುಂಡಿ ಒತ್ತಿದ್ದನ್ನು ನಾನು ಹಿಂದಿನಿಂದ ನೋಡುತ್ತಿದ್ದೆ. ಥಟ್ಟನೆ ನೆಟ್ಟಗೆ ಕೂತರು. ಆರಾಧನೆ ಮುಗಿಯುವ ತನಕ ಕದಲಲಿಲ್ಲ. ದೂರಿನ ಕಾಗದ ಬರುವುದು ನಿಂತಿತು. ಚಾವಣಿಯ ಮತಕ್ಕೆ ಬಂದಾಗ ಮಾತಿನ ಪಾಳೆಯದವರಲ್ಲಿ ಹೆಚ್ಚಿನವರು ಕೈಯೆತ್ತಿದರು.

ಲೇಪಕ್ಕೆ ಮೊದಲು ದಕ್ಷಿಣ ಬದಿಯ ಒಂದು ಸಣ್ಣ ಕಮಾನಿನಲ್ಲಿ ಪರೀಕ್ಷೆ ಮಾಡಿದೆವು. ಒಳ್ಳೆಯದಾಯಿತು, ಯಾಕೆಂದರೆ ಅಲ್ಲಿ ಕೆಲಸ ಕೆಟ್ಟಿತು. ಮೇಲೆ ವರ್ಷಗಟ್ಟಲೆ ಮೇಣದ ಬತ್ತಿಯ ಮಸಿ ಕೂತಿತ್ತು. ಬರೀ ಧೂಳು ಹೊಡೆದು ಲೇಪ ಹಾಕಿದರು, ಮಸಿ ಹಾಗೇ ಒಳಗೆ ಸೇರಿ ಕಮಾನು ಕಾಫಿ ಚೆಲ್ಲಿದ ಬಣ್ಣಕ್ಕೆ ತಿರುಗಿತು. ಅದು ಇನ್ನು ಹೋಗುವುದಿಲ್ಲ. ಮೊದಲ ಲೇಪಕ್ಕೆ ಸದ್ದಿನಲ್ಲಿ ಏನೂ ವ್ಯತ್ಯಾಸ ಬರಲಿಲ್ಲ, ಹೆಂಚು ಕುಡಿದು ಕೂತಿತು. ಎರಡನೆಯದಕ್ಕೆ ಸ್ವಲ್ಪ, ಮೂರನೆಯದಕ್ಕೆ ದನಿ ಮರಳಿತು. ಬೇಸಿಗೆಯಲ್ಲಿ ಕ್ವಾಯರಿಗೆ ರಜೆ ಇದ್ದಾಗ ದೊಡ್ಡ ಚಾವಣಿಗೆ ಅಟ್ಟ ಕಟ್ಟಿದರು. ಈ ಸಲ ಮೃದು ಬ್ರಷ್ ಮತ್ತು ವ್ಯಾಕ್ಯೂಮಿನಲ್ಲಿ ಹೆಂಚು ಹೆಂಚನ್ನೂ ಒಣಗೇ ಒರೆಸಿದ ಮೇಲೆ ಲೇಪ. ಒರೆಸುವುದಕ್ಕೇ ಹಚ್ಚುವುದಕ್ಕಿಂತ ಜಾಸ್ತಿ ದಿನ ಹಿಡಿಯಿತು.

ಶರತ್ಕಾಲದಲ್ಲಿ ಮತ್ತೆ ಬಲೂನು ಒಡೆದೆವು. ನಾಲ್ಕು ಸೆಕೆಂಡಿಗೆ ಸ್ವಲ್ಪ ಕಮ್ಮಿ. ಜನ ತುಂಬಿದರೆ ಇನ್ನೂ ಇಳಿಯುತ್ತದೆ, ಮೈ ಬಟ್ಟೆಗಳೂ ಹೀರುತ್ತವಲ್ಲ. ಗ್ರೇಸ್‌ನ ಏಳು ಎಲ್ಲಿ, ಇದೆಲ್ಲಿ. ಆದರೆ ಆರ್ಗನಿಸ್ಟ್ ಅದೇ ಸ್ವರಮೇಳ ನುಡಿಸಿ ಕೈಯೆತ್ತಿದಾಗ ದನಿ ಮೇಲೆ ಹೋಗಿ, ತಿರುಗಿ, ಪಶ್ಚಿಮದ ಬಾಗಿಲ ಹತ್ತಿರ ಎಲ್ಲೋ ಇಳಿಯಿತು.

ಆಮೇಲಿನದ್ದು ಯಾರೂ ಎಣಿಸದ್ದು. ಆರ್ಗನ್ ಜೋರಾಗಿಬಿಟ್ಟಿತು! 1960ರ ತುತ್ತೂರಿ ಪೈಪುಗಳ ಸಂಪರ್ಕವನ್ನೇ ಕಿತ್ತರು. ಹಳೆ ಪೈಪುಗಳಿಗೆ ಈಗ ಅವುಗಳ ನಿಜವಾದ ದನಿ ಬಂತು. ವರ್ಷ ಕಳೆದ ಮೇಲೆ ಸಮಿತಿ ಹೊಸ ಆರ್ಗನ್ ಬೇಡ, ಹಳೆಯದನ್ನೇ ರಿಪೇರಿ ಮಾಡಿಸೋಣ ಅಂದಿತು. ದಾನಿ ಮನಸ್ಸು ಮುರಿದುಕೊಂಡು ಹಣದ ಬಹುಪಾಲು ಬೇರೆ ಕಡೆ ಕೊಟ್ಟರು. ಲೇಪದ ಮೇಲೆ ಹೆಸರು ಕೆತ್ತಿಸೋಕಾಗಲ್ಲ ಅಲ್ವಾ? ಈ ಮಾತು ಅವರ ಜೊತೆ ಮೊದಲೇ ಆಡಿಕೊಳ್ಳಬೇಕಿತ್ತು. ಹೆಂಚು ಊದಿದ ದಿನವೇ ನಾನು ಹೋಗಿ ಅವರ ಪಕ್ಕ ಕೂರಬೇಕಿತ್ತು. ಕೂರಲಿಲ್ಲ.

ಸೋತವರು ಇನ್ನೂ ಇದ್ದಾರೆ. ಭಾನುವಾರ ಸಂಜೆ ಗಿಟಾರು, ಡ್ರಮ್ಮು ಇಟ್ಟು ಹಾಡುತ್ತಿದ್ದ ಹುಡುಗರ ತಂಡಕ್ಕೆ ಈ ಕಟ್ಟಡ ಈಗ ಒಗ್ಗುವುದಿಲ್ಲ. ಡ್ರಮ್ಮಿನ ಒಂದು ಏಟು ಮುಂದಿನ ನಾಲ್ಕು ಏಟನ್ನು ನುಂಗುತ್ತದೆ. ಅವರು ಪಕ್ಕದ ಹಾಲಿಗೆ ಹೋದರು. ಹೋದವರಲ್ಲಿ ಕೆಲವರು ಬೆಳಗಿನ ಆರಾಧನೆಗೂ ಬರುವುದು ಬಿಟ್ಟರು ಅಂತ ಕೇಳಿದೆ. ಸಮಿತಿಯಲ್ಲಿ ಅವರ ಪರವಾಗಿ ಒಬ್ಬರೂ ಇರಲಿಲ್ಲ. ಮಾತು, ಹಾಡು ಅಂತ ಎರಡೇ ಪಾಳೆಯ ಎಣಿಸಿದ್ದು ನಮ್ಮೆಲ್ಲರ ಕುರುಡು.

ಕ್ವಾಯರ್ ಹೊಸದಾಗಿ ಹಾಡಲು ಕಲಿಯಬೇಕಾಯಿತು. ಕೀರ್ತನೆಯ ಪ್ರತಿ ಸಾಲಿನ ನಡುವೆ ಒಂದು ನಿಲುಗಡೆ ಇರುತ್ತದೆ. ಮೊದಲು ಅದನ್ನು ಉಸಿರೆಳೆದುಕೊಂಡು ದಾಟಿಬಿಡುತ್ತಿದ್ದರು. ಈಗ ಅಲ್ಲಿ ದನಿ ಇಳಿಯುವ ತನಕ ಕಾಯುತ್ತಾರೆ. ಡೀನ್ ಕೂಡ ಪ್ರಸಂಗದಲ್ಲಿ ಕಾಯಲು ಕಲಿತರು. ಅದರಿಂದ ಪ್ರಸಂಗ ಉದ್ದವಾಗಿದೆ ಅಂತ ಆಂಟಿಯ ದೂರು. "ಈಗ ಎಲ್ಲ ಕೇಳ್ತದೆ ಮಾರಾಯಾ. ಗುಂಡಿ ಬಂದ್ ಮಾಡಿದ್ರೂ ಕೇಳ್ತದೆ."

ವಾಸ್ತುಶಿಲ್ಪಿಯ ಹಟಕ್ಕೆ ಉತ್ತರ ಬದಿಯ ಕೊನೆಯ ಕಮಾನಿಗೆ ಲೇಪ ಹಚ್ಚದೆ ಬಿಟ್ಟಿದ್ದಾರೆ. ಬಾಯ್ಲರ್ ಕೋಣೆಯ ಹೆಂಚುಗಳೂ ಪಟ್ಟಿಯಲ್ಲಿ ಸೇರಿ ಅಲ್ಲೇ ಇವೆ. ಹೋದಾಗಲೆಲ್ಲ ನಾನು ಮೊದಲು ಆ ಕಮಾನಿನ ಕೆಳಗೆ ನಿಂತು ಒಂದು ಚಪ್ಪಾಳೆ ಹೊಡೆಯುತ್ತೇನೆ. ಹತ್ತು ಹೆಜ್ಜೆ ನಡೆದು ನಡುದಾರಿಗೆ ಬಂದು ಇನ್ನೊಂದು.